ಕೊಡದ ಅಳತೆಯ ದಾರ

ಹೊಸ ಹಿತ್ತಾಳೆಯ ವಾಸನೆ ಬಂದರೆ ಈಗಲೂ ದರಿಬಡಚಿಯ ನಮ್ಮ ಅಡುಗೆಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಆಗಷ್ಟೇ ಮನೆಯೊಳಗೆ ನೀರಿನ ಪೈಪು ಬಂದಿತ್ತು. ಅಡುಗೆ ಕಟ್ಟೆಯ ಮೇಲೆ ನಿಲ್ಲಿಸುವ ನಳ ತರಲು ನನ್ನನ್ನೂ ಕರೆದುಕೊಂಡು ಜತ್ತಿನ ಪೇಟೆಗೆ ಹೊರಟ ಅಪ್ಪನ ಕೈಗೆ ಅವ್ವ ಒಂದು ಬಿಳಿ ದಾರ ಕೊಟ್ಟಳು. ಕೊಡದ ಪಕ್ಕದಲ್ಲಿ ಹಿಡಿದು, ಅದರ ಎತ್ತರಕ್ಕೆ ಸರಿಯಾಗಿ ಹಲ್ಲಿನಿಂದ ಕಡಿದ ದಾರ.

“ಇದಕ್ಕಿಂತ ಗಿಡ್ಡ ಬ್ಯಾಡ್ರಿ. ಕೊಡ ಕೆಳಗ ಕುಂದರಬೇಕು.”

ಅಂಗಡಿಯಲ್ಲಿ ಅಪ್ಪ ಒಂದೊಂದೇ ಹಿತ್ತಾಳೆ ನಳವನ್ನು ಅಂಗೈಯಲ್ಲಿ ತೂಗಿ ನೋಡಿದ. ಎಲ್ಲಕ್ಕಿಂತ ಭಾರದ್ದನ್ನು ಆರಿಸಿ, ಕಾಗದದಲ್ಲಿ ಸುತ್ತಿಸಿ, ಕಿಸೆಯಲ್ಲಿದ್ದ ದಾರ ತೆಗೆದು ಪೊಟ್ಟಣಕ್ಕೆ ಬಿಗಿಯಾಗಿ ಕಟ್ಟಿದ.

ಮನೆಯಲ್ಲಿ ಅವ್ವ ಗಂಟು ಬಿಚ್ಚಿ, ದಾರವನ್ನು ನಳದ ಪಕ್ಕ ಹಿಡಿದಳು. ಅರ್ಧ ದಾರ ಕಟ್ಟೆಯ ಮೇಲೆ ಮಡಚಿಕೊಂಡು ಬಿತ್ತು.

“ಭಾಳ ಗಟ್ಟಿ ಐತಿ ನೋಡು. ನಮ್ಮ ಜನ್ಮಕ್ಕ ಕೆಡಂಗಿಲ್ಲ,” ಎಂದ ಅಪ್ಪ.

“ಹೂಂ ರೀ, ಚಲೋ ಐತಿ,” ಎಂದು ಅವ್ವ ದಾರ ಸುತ್ತಿ ಸೂಜಿಯ ಡಬ್ಬಿಗೆ ಹಾಕಿದಳು.

ಅಪ್ಪನ ಮಾತು ಸುಳ್ಳಾಗಲಿಲ್ಲ. ಆ ನಳ ಒಂದು ದಿನವೂ ಕೆಡಲಿಲ್ಲ. ಅವ್ವ ಇರುವ ತನಕ ಅದರ ಕೆಳಗೆ ಚರಿಗೆ ಹಿಡಿದು, ಚರಿಗೆ ಚರಿಗೆಯಾಗಿ ಕೊಡ ತುಂಬಿದಳು.