ಗುಡ್ಡದೊಳಗಿನ ಗುಡ್ಡ

"ನನ್ನ ಹೆಸರಲ್ಲಿ ಇಡೀ ಲ್ಯಾಬೇ ಕೆಲಸ ಮಾಡುತ್ತೆ ಕಣೇ. ನಿಂಗೆ ಗೊತ್ತಿಲ್ವಾ?"

ರೇಡಿಯೋ ಅಳುತ್ತಿದ್ದಳು. ಬಾಯಿ ಮುಚ್ಚಿದ್ದನ್ನು ಯಾರೂ ಕಾಣದ ಕಾರಣ ಆ ಅಡ್ಡಹೆಸರು ಪಡೆದವಳು. ಅವಳು ಅತ್ತದ್ದನ್ನೂ ಲ್ಯಾಬಿನಲ್ಲಿ ಯಾರೂ ಕಂಡಿರಲಿಲ್ಲ. ಪುಟ್ಟಿ ಕಿಟಕಿಯ ಕಡೆ ಮುಖ ಮಾಡಿ ನಿಂತಿದ್ದಳು. ಉಂಡ ಮನೆಗೆ ಎರಡು ಬಗೆಯುವುದು ಅಂದರೆ ಇದೇ. ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವಳು ಹೀಗೆ ಮೋಸ ಮಾಡಿದಳಲ್ಲ!

"ಏನಾದ್ರೂ ಹೇಳೇ, ಪುಟ್ಟಿ."

"ಮಕ್ಕಳು ಕುಡಿಯೋ ಔಷಧಿ ಅದು. ನಿಂಗೆ ಹೇಗೆ ಮನಸ್ಸು ಬಂತು?"

ವಿಷಯ ಇಷ್ಟು. ಅದು ಔಷಧ ಕಾರ್ಖಾನೆಯ ಲ್ಯಾಬು. ಮಕ್ಕಳ ಕೆಮ್ಮಿನ ಸಿರಪ್ಪಿನ ಪ್ರತಿ ಬ್ಯಾಚಿನಿಂದ ಒಂದಿಷ್ಟನ್ನು ಯಂತ್ರಕ್ಕೆ ಹಾಕಿದರೆ ಪರದೆಯ ಮೇಲೆ ಗೆರೆಯೊಂದು ಏರಿ ಇಳಿಯುತ್ತದೆ. ಒಳಗಿರುವ ಒಂದೊಂದು ವಸ್ತುವಿಗೂ ಒಂದೊಂದು ಗುಡ್ಡ. ಎರಡು ವಸ್ತುಗಳು ಹೆಚ್ಚುಕಡಿಮೆ ಒಟ್ಟಿಗೇ ಬಂದರೆ ದೊಡ್ಡದರ ಮಗ್ಗುಲಲ್ಲಿ ಚಿಕ್ಕದು ಅಡಗಿ ಕೂರುತ್ತದೆ. ಕಣ್ಣಿಗೆ ಕಾಣುವುದು ಒಂದೇ. ಅವನ್ನು ಬಿಡಿಸಿ ತೋರಿಸಲು ಒಂದು ಸಾಫ್ಟ್‌ವೇರ್ ಇದೆ. ಗುಡ್ಡ ಎಷ್ಟು, ಸುಮಾರು ಎಲ್ಲೆಲ್ಲಿ ಎಂದು ನಾವು ಹೇಳಬೇಕು. ಮಿಕ್ಕ ಲೆಕ್ಕ ಅದರದು. ಒಂದೇ ಎಂದು ಹೇಳಿ ಅಗಲ ಸಡಿಲ ಬಿಟ್ಟರೆ, ಒಂದೇ ಗುಡ್ಡವನ್ನು ಹಿಗ್ಗಿಸಿ ಚಂದವಾಗಿ ಬರೆದುಕೊಡುತ್ತದೆ. ಬಹಳ ವಿಧೇಯ ಪ್ರಾಣಿ.

ಸಿರಪ್ಪಿನ ದೊಡ್ಡ ಗುಡ್ಡ ಯಾಕೋ ಒಂದು ಪಕ್ಕಕ್ಕೆ ಊದಿಕೊಂಡಿದೆ ಎಂದು ಪುಟ್ಟಿ ಮೊದಲು ಹೇಳಿದಾಗ ನಕ್ಕವಳು ರೇಡಿಯೋ.

"ಇಲ್ಲದ್ದನ್ನ ಯಾಕೆ ಅಗೀತೀಯ? ಇದು ಎಷ್ಟು ಕೇಳಿದ್ರೆ ಅಷ್ಟು ಕೊಡುತ್ತೆ. ಏಳು ಕೇಳು, ಏಳೂ ಕೊಡುತ್ತೆ!"

ಮಾತು ಸುಳ್ಳಲ್ಲ. ಆದರೆ ಪುಟ್ಟಿ ಹಿಡಿದ ಪಟ್ಟು ಬಿಡುವವಳಲ್ಲ. ಊಟದ ಬಿಡುವಿನಲ್ಲಿ ತನ್ನ ಸ್ವಂತ ಲ್ಯಾಪ್‌ಟಾಪ್ ತೆರೆದು ವಾರಗಟ್ಟಲೆ ಹುಡುಕಿದಳು. ಶುರುವಿನ ಜಾಗ ಕೂದಲೆಳೆಯಷ್ಟು ತಪ್ಪಿದರೂ ಚಿಕ್ಕ ಗುಡ್ಡ ಜಾರಿ ದೊಡ್ಡದರಲ್ಲಿ ಕರಗಿಹೋಗುತ್ತಿತ್ತು. ಕೊನೆಗೂ ಸಿಕ್ಕಿತು. ಬೇರೆ ಬೇರೆ ಬ್ಯಾಚುಗಳು, ಅದೇ ಜಾಗ. ಸಿರಪ್ಪಿನಲ್ಲಿ ಇರಲೇಬಾರದ ವಸ್ತು. ಆ ಬ್ಯಾಚುಗಳಲ್ಲಿ ಮಾತ್ರ ಯಾರೋ ಗುಡ್ಡದ ಅಗಲಕ್ಕಿದ್ದ ಮಿತಿಯನ್ನು ಸಡಿಲಿಸಿ, ಒಂದೇ ಗುಡ್ಡ ಎಂದು ಪಾಸು ಮಾಡಿದ್ದರು. ಎಲ್ಲದರ ಮೇಲೂ ರೇಡಿಯೋ ಹೆಸರಿತ್ತು.

ಬೆಳಿಗ್ಗೆ ಮೊದಲು ಬಂದವರು ಸಾಫ್ಟ್‌ವೇರ್ ತೆರೆಯುವುದು, ದಿನವಿಡೀ ಎಲ್ಲರೂ ಅದೇ ಹೆಸರಿನಲ್ಲಿ ಕೆಲಸ ಮುಂದುವರಿಸುವುದು ಆ ಲ್ಯಾಬಿನ ರೂಢಿ. ಪ್ರತಿ ಸಲ ಪಾಸ್‌ವರ್ಡ್ ಒತ್ತುವ ರಗಳೆ ಯಾರಿಗೆ ಬೇಕು? ಮೊದಲು ಬರುವವಳು ಯಾವಾಗಲೂ ರೇಡಿಯೋ. ಇದು ಪುಟ್ಟಿಗೆ ಗೊತ್ತಿಲ್ಲದ್ದೇನಲ್ಲ. ಆದರೆ ಅಂದು ನಕ್ಕವಳೂ ಇವಳೇ ಅಲ್ಲವೇ?

ಲ್ಯಾಬಿನ ಮುಖ್ಯಸ್ಥರು ಪುಟ್ಟಿಯ ಸೋದರಮಾವ. ಅಪ್ಪ ತೀರಿಕೊಂಡ ಮೇಲೆ ಅವಳನ್ನು ಸಾಕಿ, ಓದಿಸಿ, ಅಡುಗೆಮನೆಯ ಮೇಜಿನ ಮೇಲೆ ಗ್ರಾಫು ಓದಲು ಕಲಿಸಿದವರು. ಅವರು ಕರೆಯುವ 'ಪುಟ್ಟಿ'ಯೇ ಲ್ಯಾಬಿನಲ್ಲೂ ಅವಳಿಗೆ ಅಂಟಿಕೊಂಡಿತ್ತು. ಆ ಬೆಳಿಗ್ಗೆ ಅವಳು ಲ್ಯಾಪ್‌ಟಾಪ್ ಎದೆಗವಚಿಕೊಂಡು ಅವರ ಕೋಣೆಗೆ ಓಡಿದ್ದಳು. ಅದನ್ನು ತೆರೆಯಲೂ ಅವರು ಬಿಡಲಿಲ್ಲ.

"ದೊಡ್ಡದರೊಳಗೆ ಇನ್ನೊಂದಿದೆ ಅಂತ ನೀನು ಹೇಳಿದ್ಮೇಲೆ ಮುಗೀತು. ನೋಡೋದೇನಿದೆ? ನಿನ್ನ ಮಾತೇ ಸಾಕು ನಂಗೆ. ಪಾಸ್ ಮಾಡಿದ್ದು ಯಾರ ಹೆಸರಲ್ಲಿದೆ?"

ಅವಳು ರೇಡಿಯೋ ಹೆಸರು ಹೇಳಿದಳು. ಅವರು ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು.

"ಒಳ್ಳೆ ಹುಡುಗಿ ಅಂದ್ಕೊಂಡಿದ್ದೆ. ಬೆಳ್ಳಗಿರೋದೆಲ್ಲ ಹಾಲಲ್ಲ, ನೋಡು."

ಈಗ ರೇಡಿಯೋ ಬಿಳಿ ಕೋಟು ಕಳಚಿ ಕುರ್ಚಿಯ ಮೇಲೆ ಹಾಕಿದಳು. ಗೇಟಿನವರೆಗೆ ಕರೆದೊಯ್ಯಲು ಕಾವಲುಗಾರ ಬಾಗಿಲಲ್ಲಿ ಕಾಯುತ್ತಿದ್ದ. ಇನ್ನು ಮುಂದೆ ಯಾವ ಔಷಧ ಕಾರ್ಖಾನೆಯೂ ಅವಳನ್ನು ಹತ್ತಿರ ಸೇರಿಸುವುದಿಲ್ಲ.

"ಕೆಲಸದಿಂದ ತೆಗೆದವರ ಮೇಲೆ ಕೋಪ ಇಲ್ಲ ಕಣೇ," ಎಂದಳು. "ನೀನು ನಂಬಿಬಿಟ್ಟೆಯಲ್ಲ."

ಪುಟ್ಟಿ ಆಗಲೂ ತಿರುಗಿ ನೋಡಲಿಲ್ಲ.

ಆಮೇಲೆ ಮಾಮ ಅವಳನ್ನು ಕೋಣೆಗೆ ಕರೆಸಿಕೊಂಡರು. ಟೀ ತರಿಸಿದ್ದರು. ಬಾಗಿಲು ಮುಚ್ಚಿದ್ದೇ ತಡ, ಅವಳಿಗೆ ಅಳು ಉಕ್ಕಿ ಬಂತು. ಅವರು ಅವಳ ತಲೆ ಸವರಿದರು. ಯಾರನ್ನೂ ನಂಬಲಾಗದ ಈ ಲೋಕದಲ್ಲಿ ಇವರೊಬ್ಬರಾದರೂ ಇದ್ದಾರಲ್ಲ ಎಂದು ಅವಳಿಗೆ ಸ್ವಲ್ಪ ಸಮಾಧಾನವಾಯಿತು.

"ಮೇಲಿನವರಿಗೆ ವರದಿ ಕಳಿಸ್ಬೇಕು. ಜೊತೆಗೊಂದು ಗ್ರಾಫ್ ಬೇಕು."

"ನಾನು ಮಾಡಿಕೊಡ್ತೀನಿ, ಸರ್."

"ಮನೆಯವರೇ ಇರೋವಾಗ ಯಾವ ಸರ್? ನೀನು ಕಣ್ಣೊರೆಸ್ಕೋ. ಕೂತ್ಕೋ. ನಾನೇ ಮಾಡ್ತೀನಿ."

ಅವರು ಒಂದು ಬ್ಯಾಚನ್ನು ಹೊಸದಾಗಿ ತೆರೆದರು. ಪರದೆಯ ಮೇಲೆ ನುಣುಪಾದ ಒಂದೇ ಗುಡ್ಡ. ಎಷ್ಟು ಎಂದು ಸಾಫ್ಟ್‌ವೇರ್ ಕೇಳಿತು. ಎರಡು ಎಂದು ಒತ್ತಿದರು. ಎರಡನೆಯದು ಎಲ್ಲಿ ಎಂದು ಕೇಳಿತು.

"ಮಾಮ, ಅದು ಸುಲಭಕ್ಕೆ ಸಿಗಲ್ಲ. ಜಾಗ ನಾನು..."

"ಮೊದಲು ಟೀ ಕುಡಿ. ಆರಿಹೋಗುತ್ತೆ."

ಒಂದು ಕೈಯಲ್ಲಿ ಲೋಟವನ್ನು ಅವಳತ್ತ ಸರಿಸುತ್ತ, ಇನ್ನೊಂದರಲ್ಲಿ ಅವರು ಅಂಕಿ ಒತ್ತಿದರು. ದೊಡ್ಡ ಗುಡ್ಡದ ಮಗ್ಗುಲಿನಿಂದ ಚಿಕ್ಕದು ಮೊದಲ ಸಲಕ್ಕೇ ಎದ್ದು ನಿಂತಿತು.

ಅವರು ಒತ್ತಿದ್ದು ದಶಾಂಶದ ಮೂರನೆಯ ಅಂಕಿಯವರೆಗೂ ಅವಳಿಗೆ ಸಿಕ್ಕಿದ್ದ ಅದೇ ಜಾಗ. ಅದನ್ನು ಅವಳು ಇನ್ನೂ ಯಾರಿಗೂ ಹೇಳಿರಲಿಲ್ಲ.