ಕ್ವಿಂಟಾಲ್ ಹೊನ್ನೂರಪ್ಪ

ನಮ್ಮೂರ ಈರಣ್ಣಸ್ವಾಮಿಯ ಆಣೆ, ಇದು ನಡೆದದ್ದೇ. ಒಂದು ಮಾತು ಸುಳ್ಳಾದರೂ ಇನ್ನು ಮೇಲೆ ನನ್ನ ನಾಲಿಗೆಗೆ ಮೆಣಸಿನಕಾಯಿ ಬಜ್ಜಿಯ ರುಚಿ ಹತ್ತದಿರಲಿ. ಆದವಾನಿ ಮಾರ್ಕೆಟ್ಟಿನಲ್ಲಿ ಮಲ್ಲಯ್ಯ ತನ್ನ ಶೇಂಗಾ ಚೀಲದ ಮೇಲೆ ಹತ್ತಿ ನಿಂತು, ತೂಕದ ಯಂತ್ರದ ಕಡೆ ಕೈ ತೋರಿಸಿ ಕೂಗುತ್ತಿದ್ದ: "ಇದು ಕಳ್ಳ ಕಾಟಾ! ಊರಾಗ ತೂಗಿಸಿದ್ದು ಇಲ್ಲಿ ಬರೋದ್ರಾಗ ಹೆಂಗ ಕರಗ್ತೈತಿ?"

ಸಾವ್ಕಾರ ಲಕ್ಷ್ಮಿಕಾಂತ್ ಕೂತಲ್ಲಿಂದ ಏಳಲಿಲ್ಲ. "ಏಮಯ್ಯಾ, ನಿನ್ನೊಬ್ಬನ ಚೀಲಕ್ಕ ನನ್ನ ಕಾಟಾ ಕಳ್ಳ ಆತೇನು? ಊರಾಗ ಯಾವ ಕಲ್ಲಿಟ್ಟು ತೂಗಿದ್ಯೋ ಅದನ್ನ ತಗಂಬಾ, ನೋಡಾಣ. ನನ್ನ ಕಾಟಾ ಸರಿ ಇದ್ರ ಎಲ್ಲರ ಮುಂದ ಕೈ ಮುಗೀಬೇಕು ನೀನು."

"ತರ್ತೀನಿ," ಎಂದು ಹೋದ ಮಲ್ಲಯ್ಯ ಸಂಜೆಯೊಳಗೆ ಆಟೋದಲ್ಲಿ ತಂದೇ ತಂದ. ಆ ಕಲ್ಲಿನ ಹೆಸರು ಹೊನ್ನೂರಪ್ಪ. ಆಸ್ಪರಿ ಕಡೆಯ ನಮ್ಮೂರಲ್ಲಿ ಕರೆಂಟ್ ಹೋದರೆ ಕರೆಂಟಿನ ಕಾಟಾ ಸತ್ತ ಹಾಗೆ. ಹೊನ್ನೂರಪ್ಪನಿಗೆ ಕರೆಂಟ್ ಬೇಡ. ಬೇವಿನ ಮರಕ್ಕೆ ದೊಡ್ಡ ತಕ್ಕಡಿ ಕಟ್ಟಿ, ಒಂದು ಹಲಗೆಯ ಮೇಲೆ ಅವನನ್ನು ಕೂರಿಸಿ ಇನ್ನೊಂದರ ಮೇಲೆ ಚೀಲ ಹೇರಿದರೆ, ಸರಿಸಮ ಆದದ್ದೇ ಒಂದು ಕ್ವಿಂಟಾಲ್. ಹಿಂದೊಮ್ಮೆ ರೈಲ್ವೆ ಸ್ಟೇಷನ್ನಿನ ಕಾಟಾ ಹತ್ತಿ ನೋಡಿಕೊಂಡಿದ್ದ, ನೂರಕ್ಕೆ ನೂರು. ಅವನು ಒಂದು ಕಡೆ ಕೂತರೆ ಆಸ್ಪರಿ ಬಸ್ಸು ತಿರುವಿಲ್ಲದೆಯೂ ಆ ಕಡೆಗೇ ತಿರುಗುತ್ತಿತ್ತು. ಸುತ್ತ ಹತ್ತು ಊರಲ್ಲಿ ಅವನಿಗೆ ಹೊಲಕ್ಕಿಂತ ಆ ತೂಕದಿಂದಲೇ ಹೆಸರು.

ಬೇಡವೆಂದರೂ ಹೆಂಡತಿ ಲಿಂಗಕ್ಕ ಜೊತೆಗೆ ಆಟೋ ಹತ್ತಿದ್ದಳು. ಕಾಟಾದ ಮುಂದೆ ಗಂಡನ ಅಂಗಿ ಹಿಡಿದು ಎಳೆದಳು. "ಯಾಕ್ರಿ ಸುಮ್ನ? ಹೊತ್ತಾತು, ಮನಿಗೆ ಹೋಗಾಣ ನಡ್ರಿ."

"ಬಿಡಲೇ, ಊರಿನ ಮರ್ಯಾದಿ ಐತಿ," ಎಂದು ಹೊನ್ನೂರಪ್ಪ ಚಪ್ಪಲಿ ಬಿಟ್ಟು, ಟವೆಲ್ಲು ಅವಳ ಕೈಗೆ ಕೊಟ್ಟು, ಮದುಮಗನ ಹಾಗೆ ಹತ್ತಿ ಕೂತ. ಕೆಂಪು ಅಂಕಿ ಕುಣಿದು ಕುಣಿದು ನಿಂತಿತು. ಎಂಬತ್ತು.

"ನೋಡ್ರಪೋ!" ಮಲ್ಲಯ್ಯ ಹಾರಿದ. "ನೂರು ಕೆ.ಜಿ. ಮನಿಶ್ಯಾನ್ನ ಎಂಬತ್ತು ಅಂತೈತಿ! ಇನ್ನೇನು ಬೇಕು?"

ಸಾವ್ಕಾರ ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಇಪ್ಪತ್ತು ಕೆ.ಜಿ.ಯ ಕಬ್ಬಿಣದ ತೂಕ ತರಿಸಿ, ಹೊನ್ನೂರಪ್ಪನನ್ನು ಇಳಿಸಿ, ಅದನ್ನು ಇಟ್ಟ. ಕಾಟಾ ಇಪ್ಪತ್ತೇ ತೋರಿಸಿತು. ಸುತ್ತ ನಿಂತು ನಗುತ್ತಿದ್ದ ಹಮಾಲರು ಹತ್ತಿರ ಬಂದು ಅಂಕಿಯನ್ನು ಬಗ್ಗಿ ನೋಡಿದರು. ಹೊನ್ನೂರಪ್ಪ ತನ್ನ ಹೊಟ್ಟೆಯನ್ನು ಯಾರದೋ ಹೊಟ್ಟೆ ಎಂಬಂತೆ ಮುಟ್ಟಿ ನೋಡಿಕೊಂಡ.

"ಕಾಟಾ ಸರಿ ಐತ್ರಿ ಸಾವ್ಕಾರ್ರ," ಎಂದಳು ಲಿಂಗಕ್ಕ. "ತಪ್ಪಿದ್ದು ನನ್ನ ಸಂಗಟಿ ಮುದ್ದಿ." ಆಮೇಲೆ ಗಂಡನ ಕಡೆ ತಿರುಗಿದಳು. "ಮೊಣಕಾಲು ಹಿಡ್ಕಂಡು ನರಳ್ತಿದ್ರಿ. ಡಾಕ್ಟ್ರು ತೂಕ ಇಳಿಸು ಅಂದ್ರ, ನನ್ನ ತೂಕ ಊರಿಂದು, ಇಳಿಸಾಕ ನಾನ್ಯಾರು ಅಂದ್ರಿ. ಒಮ್ಮಿಗೇ ಕಮ್ಮಿ ಹಾಕಿದ್ರ ತಾಟು ಎಸೀತಿದ್ರಿ. ಅದಕ್ಕ ಎರಡು ಯುಗಾದಿ ಆತು, ಮುದ್ದಿ ಒಂದೀಟು ಒಂದೀಟು ಸಣ್ಣ ಮಾಡ್ಕೋಂತ ಬಂದೆ. ತಾಟು ಖಾಲಿ ಕಂಡಲ್ಲಿ ಪುಂಡಿಪಲ್ಯ ತುಂಬಿದೆ. ಚಾದಾಗಿನ ಸಕ್ರಿನೂ ಚಿಟಿಕಿ ಚಿಟಿಕಿ ಬಿಡಿಸಿದೆ."

"ಮಂಡಕ್ಕಿ ಒಗ್ಗರಣಿ ಜತಿಗೆ ದಿನಾ ನಾಕು ಬಜ್ಜಿ ತಿಂತೀನಲ್ಲೇ?"

"ಎರಡು ಬಜ್ಜಿನ ನಾಕು ತುಂಡು ಮಾಡಿ ಕೊಡ್ತೀನಿ. ನೀವು ಎಣಿಸಿದ್ದು ನಾಕೇ."

"ಮತ್ತ ಅಂಗಿ? ಸಡ್ಲ ಆಗಲಿಲ್ಲಲ್ಲ?"

"ಒಗದಾಗೆಲ್ಲ ಒಂದೊಂದು ಹೊಲಿಗಿ ಒಳಗ ತಗಂತಿದ್ದೆ."

ಪಂಚೆ ಉಡುವವನಿಗೆ ಸೊಂಟ ಕರಗಿದ್ದು ಹೇಗೆ ತಿಳಿಯಬೇಕು? ಗಂಟು ಬಿಗಿಯುತ್ತಾನೆ, ಅಷ್ಟೇ. ಈಚೆಗೆ ಗುಡ್ಡದ ಹೊಲಕ್ಕೆ ಎಲ್ಲೂ ನಿಲ್ಲದೆ ಹತ್ತಿದಾಗ ಹೊನ್ನೂರಪ್ಪ ತನ್ನ ಹೊಸ ಚಪ್ಪಲಿಯನ್ನು ಊರಿಗೆಲ್ಲ ಹೊಗಳಿದ್ದ. ಹೋದ ವರ್ಷ ಮಾರ್ಕೆಟ್ಟಿನ ತೂಕದಲ್ಲಿ ಶೇಂಗಾ ಸ್ವಲ್ಪ ಕಡಿಮೆ ಬಂದಾಗ ಮಲ್ಲಯ್ಯ ಇಲಿಗಳನ್ನು ಬೈದಿದ್ದ.

ಮಲ್ಲಯ್ಯ ಸಾವ್ಕಾರನಿಗೆ ಕೈ ಮುಗಿದ. ಮುಗಿದ ಕೈಯನ್ನು ಹಾಗೇ ಲಿಂಗಕ್ಕನ ಕಡೆ ತಿರುಗಿಸಿದ. "ಅತ್ತೀ, ಊರಿನ ಕ್ವಿಂಟಾಲ್ ಹಾಳು ಮಾಡಿದ್ಯಲ್ಲ! ನಾಳಿಂದ ಮಾವಗ ಎರಡೆರಡು ಮುದ್ದಿ ಹಾಕು. ಮುಂದಿನ ಸುಗ್ಗಿಗೆ ಮತ್ತ ನೂರಾಗಬೇಕು."

"ಹಾಕು ಲೇ," ಎಂದ ಹೊನ್ನೂರಪ್ಪ ಹೆಂಡತಿಗೆ, ತಲೆ ಎತ್ತದೆ. "ಇರೋದೊಂದು ಹೆಸರು, ಅದೂ ಹೋದ್ರ ಹೆಂಗ?"

"ಹೆಸರು ಇಟ್ಕಂಡು ನಾನೇನು ಮಾಡ್ಲಿ? ನೀವಿರಬೇಕಲ್ಲ," ಎಂದಳು ಲಿಂಗಕ್ಕ.

ಸಾವ್ಕಾರನಿಗೆ ನಗು ಬಂತು. ಹೊನ್ನೂರಪ್ಪನನ್ನು ಮತ್ತೆ ಕಾಟಾದ ಮೇಲೆ ಕೂರಿಸಿ, ಆ ಕಬ್ಬಿಣವನ್ನು ಅವನ ತೊಡೆಯ ಮೇಲಿಟ್ಟ. ನೂರು. "ತಗಂಡು ಹೋಗಪ್ಪಾ, ಇಲ್ಲಿ ಸುಮ್ನ ಬಿದ್ದೈತಿ. ನಿನ್ನ ಹೆಸರೂ ಉಳೀತು."

ಹೊನ್ನೂರಪ್ಪ ಖುಷಿಯಿಂದ ಅದನ್ನು ಅವುಚಿಕೊಂಡು ಆಟೋ ಕಡೆ ನಡೆದ. ಹತ್ತಿ ಬೇಲುಗಳನ್ನು ದಾಟುವುದರೊಳಗೆ ಮೊಣಕಾಲು ನಡುಗಿತು, ಉಸಿರು ಕಟ್ಟಿತು. ಧಪ್ಪನೆ ಕೆಳಗಿಟ್ಟು ಅದನ್ನೇ ನೋಡುತ್ತ ನಿಂತ.

"ಲೇ ಮಲ್ಲಯ್ಯಾ, ನಿನ್ನ ಮದಿವ್ಯಾಗ ನಾನು ಇದನ್ನ ಹೊತ್ಕಂಡೇ ಕುಣಿದಿನೇನಲೇ?"

ಈಗಲೂ ಬೇವಿನ ಮರದಡಿ ಕ್ವಿಂಟಾಲ್ ಅವನೇ, ತೊಡೆಯ ಮೇಲೆ ಕಬ್ಬಿಣ ಇಟ್ಟುಕೊಂಡು ಕೂರುತ್ತಾನೆ. ತೂಕ ಮುಗಿದ ಮೇಲೆ ಟವೆಲ್ಲು ಕೊಡವಿ ಇಳಿದು ಹೋಗುತ್ತಾನೆ. ಕಬ್ಬಿಣವನ್ನು ಮನೆಗೆ ಹೊರುವವನು ಮಲ್ಲಯ್ಯ. ನಂಬಿಕೆ ಬರದಿದ್ದರೆ ಬಂದು ನೋಡಿ. ಬರಿಗೈಲಿ ಮಾತ್ರ ಬರಬೇಡಿ, ಆದವಾನಿಯಿಂದ ನಾಲ್ಕು ಬಜ್ಜಿ ಕಟ್ಟಿಸಿಕೊಂಡು ಬನ್ನಿ. ತುಂಡಲ್ಲ, ಇಡೀ ಬಜ್ಜಿ. ನಾನು ಎಣಿಸಿಯೇ ತೆಗೆದುಕೊಳ್ಳುವವನು.