ನಲವತ್ತು ನಿಮಿಷದ ಬ್ಯಾಟರಿ

ಮೈದುನ ಪ್ಲಗ್ ಸಿಕ್ಕಿಸಿ ಸ್ವಿಚ್ ಒತ್ತಿದ. ವಿಡಿಯೋ ಲೈಟಿನ ಬೆಳಕು ಅವಳ ಮುಖಕ್ಕೆ ರಪ್ಪನೆ ಬಡಿಯಿತು. "ಅತ್ತಿಗೆ, ಇನ್ಮೇಲೆ ಬ್ಯಾಟರಿ ಕಾಟ ಇಲ್ಲ!" ಎಂದ. ಹಳೆಯ ಬ್ಯಾಟರಿಯ ಹೊಟ್ಟೆ ಬಗೆದು, ಸೆಲ್‌ಗಳನ್ನು ಕಿತ್ತು, ಒಳಗೆ ಅಡಾಪ್ಟರಿನ ಎರಡು ವೈರುಗಳನ್ನು ಬೆಸೆದು, ಆ ಖಾಲಿ ಡಬ್ಬಿಯನ್ನೇ ಲೈಟಿನ ಬೆನ್ನಿಗೆ ಕೂರಿಸಿದ್ದ. "ಲೈಟು ಇದನ್ನೇ ಬ್ಯಾಟರಿ ಅಂದ್ಕೊಂಡಿದೆ. ಇದೂ ನಿಮ್ಮ ಥರಾನೇ, ಮಿಮಿಕ್ರಿ!"

"ನಮ್ಮನೇಲಿ ಕಲಾವಿದರು ಇಬ್ಬರಾದ್ರು ಬಿಡು," ಎಂದು ಅವಳ ಮಿಮಿಕ್ರಿ ವಿಡಿಯೋ ತೆಗೆಯಲು ಕ್ಯಾಮೆರಾದ ಹಿಂದೆ ನಿಂತಿದ್ದ ಗಂಡ ನಕ್ಕ.

ಅವಳೂ ನಕ್ಕಳು. ಕಣ್ಣು ಮಾತ್ರ ಗೋಡೆಯ ಪ್ಲಗ್ಗಿನ ಮೇಲಿತ್ತು. ಇಷ್ಟು ದಿನ ನಲವತ್ತು ನಿಮಿಷಕ್ಕೆ ಸರಿಯಾಗಿ ಲೈಟು ಕಣ್ಣು ಮುಚ್ಚುತ್ತಿತ್ತು. ಅದು ಚಾರ್ಜ್ ಆಗುವ ಎರಡು ಗಂಟೆ ಅವಳದು. ಅಡುಗೆಮನೆಯ ತಣ್ಣನೆಯ ನೆಲದ ಮೇಲೆ ಕಾಲು ಚಾಚಿ, ಯಾರೂ ಆಗದೆ ಸುಮ್ಮನೆ ಮಲಗಿರುತ್ತಿದ್ದಳು.

"ಹೂಂ, ಶುರು ಮಾಡು. ಮೊದಲು ಪಕ್ಕದ್ಮನೆ ಆಂಟಿ," ಎಂದ ಗಂಡ.

ಆಂಟಿಯಾದಳು. ಬಸ್ಸಿನ ಕಂಡಕ್ಟರ್ ಆದಳು, ನೆಗಡಿ ಹಿಡಿದ ವಕೀಲನಾದಳು, ಸೊಸೆಯ ಮೇಲೆ ಮುನಿದ ಮುದುಕಿಯಾದಳು. ಮೈದುನ ತನ್ನ ಅಂಗಡಿಗೆ ಹೋಗಿಯೂ ಆಯಿತು. ಮೂರು ಗಂಟೆ ಕಳೆದರೂ ಲೈಟು ಒಮ್ಮೆಯೂ ರೆಪ್ಪೆ ಬಡಿಯಲಿಲ್ಲ. ಗಂಟಲು ಕಾದ ಬಾಣಲೆಯಂತಾಗಿತ್ತು. ಆ ಬೆಳಕಿನಲ್ಲಿ ನಿಂತು ಮೊದಲ ಸಲ ಅವಳು ತನ್ನದೇ ದನಿಯಲ್ಲಿ ಹೇಳಿದಳು: "ರೀ, ಸಾಕು. ನನ್ನ ಕೈಲಿ ಆಗ್ತಿಲ್ಲ."

ಗಂಡ ಕ್ಯಾಮೆರಾದಿಂದ ತಲೆಯೆತ್ತಿದ. ಅವನ ಮುಖ ಅರಳಿತ್ತು.

"ಅರೆ, ಸೂಪರ್! ಇದ್ಯಾರದು ದನಿ? ಇನ್ನೊಂದ್ಸಲ ಹೇಳು."